ಗಾಳಿಕೊಳವೆಯ ಬಳಿ ನಿಲ್ಲುವವರು ಯಾರು?

ನಮಸ್ಕಾರ. ಹೆದ್ದಾರಿಯ ಮೇಲ್ಸೇತುವೆ ಎಂದೊಡನೆ ನಮ್ಮ ಮಾತು ಕಂಬಗಳ ಎತ್ತರಕ್ಕೋ ಟೋಲ್ ದರಕ್ಕೋ ಹೊರಳುತ್ತದೆ. ನಾನಿಂದು ಹೇಳಹೊರಟಿರುವುದು ಗ್ರೌಟಿನ ವಿಚಾರ, ಅಂದರೆ ಕಾಂಕ್ರೀಟಿನೊಳಗಿನ ಉಕ್ಕಿನ ಕೇಬಲ್ಲುಗಳ ಸುತ್ತ ತುಂಬುವ ಸಿಮೆಂಟ್ ಹಾಲಿನ ವಿಚಾರ.

ಗರ್ಡರಿನೊಳಗೆ, ಅಂದರೆ ಸೇತುವೆಯ ರಸ್ತೆಯನ್ನು ಹೊರುವ ತೊಲೆಯೊಳಗೆ, ಕೇಬಲ್ ಹಾಯುವ ಕೊಳವೆಗೆ ಡಕ್ಟ್ ಎನ್ನುತ್ತಾರೆ. ಜ್ಯಾಕ್ ಹಾಕಿ ಕೇಬಲ್ಲನ್ನು ಎಳೆದು ಬಿಗಿದ ಮೇಲೆ, ಎರಡು ವಾರ ಮೀರದಂತೆ, ಒಂದು ತುದಿಯಿಂದ ಗ್ರೌಟನ್ನು ಪಂಪ್ ಮಾಡಬೇಕು. ಡಕ್ಟಿನ ಉಬ್ಬಿನಲ್ಲಿಟ್ಟ ಸಣ್ಣ ಗಾಳಿಕೊಳವೆಯಿಂದ ಮೊದಲು ನೀರು ಬರುತ್ತದೆ, ಆಮೇಲೆ ಗುಳ್ಳೆಗುಳ್ಳೆಯಾದ ತೆಳುಹಾಲು, ಕೊನೆಗೆ ಒಳಗೆ ಹೋದಷ್ಟೇ ಗಟ್ಟಿಯಾದ ಗ್ರೌಟ್. ಆ ಮೂರನೆಯದಕ್ಕೆ ಕಾಯದೆ ಕೊಳವೆಯ ಬಾಯಿ ಮುಚ್ಚಿದರೆ ಗಾಳಿ ಒಳಗೇ ಉಳಿಯುತ್ತದೆ; ಗ್ರೌಟಿಂಗ್ ಕೆಲಸ ದಾಖಲಿಸುವ ರಿಜಿಸ್ಟರಿನಲ್ಲಿ ಮಾತ್ರ ಡಕ್ಟ್ ತುಂಬಿರುತ್ತದೆ. ತುಕ್ಕು ಹಿಡಿಯುವುದಕ್ಕೆ ಅಷ್ಟು ಜಾಗ ಸಾಕು.

ಇಟಲಿಯ ಜಿನೋವಾದಲ್ಲಿ 1967ರಲ್ಲಿ ತೆರೆದ ಪೋಲ್ಚೆವೇರಾ ಮೇಲ್ಸೇತುವೆಯನ್ನು ವಿನ್ಯಾಸಗೊಳಿಸಿದ ರಿಕಾರ್ಡೊ ಮೊರಾಂಡಿ, ಗೋಪುರಗಳಿಂದ ಇಳಿಯುವ ಓರೆ ಕೇಬಲ್ಲುಗಳಿಗೂ ಕಾಂಕ್ರೀಟಿನ ಕವಚ ತೊಡಿಸಿದ್ದರು. ಉಕ್ಕನ್ನು ಕಾಪಾಡಬೇಕಾದ ಕವಚವೇ ಅದರ ಸ್ಥಿತಿ ಯಾರಿಗೂ ಕಾಣದಂತೆ ಮಾಡಿತು. ಗೋಪುರಕ್ಕೆ ನಾಲ್ಕೇ ಓರೆಕಟ್ಟುಗಳಿದ್ದುದರಿಂದ ಒಂದು ಹೋದರೆ ಅದರ ಭಾರ ಹೊರಲು ಪಕ್ಕದಲ್ಲಿ ಮತ್ತೊಂದಿರಲಿಲ್ಲ. 1990ರ ದಶಕದಲ್ಲಿ 11ನೇ ಗೋಪುರಕ್ಕೆ ಹೊರಗಿನಿಂದ ಹೊಸ ಕೇಬಲ್ ಕಟ್ಟಿದರು, 9ನೇ ಗೋಪುರಕ್ಕೆ ಕಟ್ಟಲಿಲ್ಲ. 2018ರ ಆಗಸ್ಟ್ 14ರಂದು ಕುಸಿದದ್ದು ಆ 9ನೆಯದೇ; 43 ಜನ ಸತ್ತರು. ಓರೆಕಟ್ಟೊಂದರ ಮೇಲ್ತುದಿಯೊಳಗೆ ಕೇಬಲ್ ತುಕ್ಕು ತಿಂದು ಸವೆದಿದ್ದುದೇ ಕಾರಣವೆಂದು ನ್ಯಾಯಾಲಯ ನೇಮಿಸಿದ ತಜ್ಞರು ವರದಿ ಕೊಟ್ಟರು.

ದೂರದ ಕಥೆ ಎನ್ನಬೇಡಿ. ನಮ್ಮ ಪೀಣ್ಯ ಫ್ಲೈಓವರಿನ 102 ಮತ್ತು 103ನೇ ಕಂಬಗಳ ನಡುವೆ ಕೇಬಲ್ಲುಗಳು ಹಾಳಾಗಿರುವುದು ಗೊತ್ತಾಗಿ 2021ರ ಡಿಸೆಂಬರಿನಲ್ಲಿ ಸಂಚಾರ ನಿಲ್ಲಿಸಿದಾಗ, ಅದು ತೆರೆದು ಹನ್ನೆರಡು ವರ್ಷವೂ ಆಗಿರಲಿಲ್ಲ. ಕಾರು, ಬೈಕುಗಳನ್ನು ಫೆಬ್ರವರಿಯಲ್ಲಿ ಬಿಟ್ಟರೂ ಲಾರಿ, ಬಸ್ಸುಗಳು ಎರಡು ವರ್ಷಕ್ಕೂ ಮೀರಿ ಕೆಳಗಿನ ರಸ್ತೆಯಲ್ಲೇ ತೆವಳಿದವು. ಅಲ್ಲಿ ಪ್ರಾಣಹಾನಿ ಆಗಲಿಲ್ಲ ಎಂಬುದು ತಪಾಸಣೆ ಮಾಡಿದವರ ಪುಣ್ಯ.

ವಿನ್ಯಾಸಕರು ಮಾಡಬಹುದಾದದ್ದು ಬಹಳವಿದೆ: ಒಂದು ಕೇಬಲ್ ಹೋದರೂ ನಿಲ್ಲುವ ಲೆಕ್ಕ, ಪೆಟ್ಟಿಗೆಯಂತೆ ಟೊಳ್ಳಾದ ಬಾಕ್ಸ್ ಗರ್ಡರಿನೊಳಗೆ ಮನುಷ್ಯ ನಡೆದು ನೋಡುವಷ್ಟು ಜಾಗ, ಮುಂದೆ ಹೊಸ ಕೇಬಲ್ ಹಾಕಬೇಕಾದೀತೆಂದು ಖಾಲಿ ಬಿಡುವ ಡಕ್ಟುಗಳು. ಆದರೆ ನನ್ನ ತಕರಾರು ಮೇಲ್ವಿಚಾರಣೆಯದು. ನಮ್ಮ ಟೆಂಡರುಗಳಲ್ಲಿ ಸಾಮಾನ್ಯವಾಗಿ ಕೇಬಲ್ಲಿಗೆ ಟನ್ನಿನ ಲೆಕ್ಕದಲ್ಲಿ ದರ. ಗ್ರೌಟಿಂಗ್ ಅದರಲ್ಲೇ ಸೇರಿಹೋಗುತ್ತದೆ. ಬಿಲ್ಲಿನಲ್ಲಿ ಹೆಸರೇ ಇಲ್ಲದ ಕೆಲಸಕ್ಕೆ ರಾತ್ರಿ ಪಾಳಿಯಲ್ಲಿ ಹಿರಿಯ ಎಂಜಿನಿಯರ್ ಏಕೆ ಬರುತ್ತಾರೆ? ಗ್ರೌಟಿಂಗಿಗೆ ಪ್ರತ್ಯೇಕ ದರವಿರಲಿ, ಮೇಲ್ವಿಚಾರಕ ಎಂಜಿನಿಯರ್ ಸ್ವತಃ ಗಾಳಿಕೊಳವೆಯ ಬಳಿ ನಿಂತು ನೋಡದ ಡಕ್ಟಿಗೆ ಹಣ ಬಿಡುಗಡೆಯಾಗದಿರಲಿ, ಮತ್ತು ಆ ರಿಜಿಸ್ಟರು ಗುತ್ತಿಗೆದಾರರ ಗೋದಾಮಿಗೆ ಹೋಗದೆ ಸೇತುವೆ ಇರುವಷ್ಟು ಕಾಲ ನಿರ್ವಹಣೆ ಮಾಡುವವರ ಕೈಯಲ್ಲಿರಲಿ.