ಒಂಬತ್ತು ಗೇಣು ಇತ್ತ, ಒಂದು ಗೇಣು ಅತ್ತ

ಕೇಳುಗರಿಗೆ ನಮಸ್ಕಾರ.

ಹತ್ತು ಗೇಣು ಉದ್ದದ ಒಂದು ಹಗ್ಗವನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಿ. ಒಂದು ತುದಿಯಲ್ಲಿ ಭೂಮಿ, ಇನ್ನೊಂದು ತುದಿಯಲ್ಲಿ ಚಂದ್ರ. ನಡುವೆ ಎಲ್ಲಿ ಒಂದು ಕಲ್ಲನ್ನಿಟ್ಟರೆ ಎರಡೂ ಕಡೆಯ ಸೆಳೆತ ಸಮವಾದೀತು?

ಭೂಮಿಯ ದ್ರವ್ಯರಾಶಿ ಚಂದ್ರನ ದ್ರವ್ಯರಾಶಿಗಿಂತ 81 ಪಟ್ಟು ಹೆಚ್ಚು. ಹಾಗೆಂದು ಹಗ್ಗವನ್ನು 82 ಪಾಲು ಮಾಡಲು ಹೊರಟರೆ ಎಡವುತ್ತೇವೆ. ದೂರ ಎರಡರಷ್ಟಾದರೆ ಗುರುತ್ವದ ಸೆಳೆತ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂಬತ್ತರಷ್ಟಾದರೆ ಎಂಬತ್ತೊಂದರಲ್ಲಿ ಒಂದು ಪಾಲಿಗೆ. ಆದ್ದರಿಂದ ನಮಗೆ ಬೇಕಾದದ್ದು 81ರ ವರ್ಗಮೂಲ, 9. ಭೂಮಿಯಿಂದ ಒಂಬತ್ತು ಗೇಣು, ಚಂದ್ರನಿಂದ ಒಂದು ಗೇಣು. ಅಲ್ಲಿ ಒಂದು ಗಂಟು ಹಾಕಿ. ಕೇಂದ್ರದಿಂದ ಕೇಂದ್ರಕ್ಕೆ ನಿಜವಾದ ಸರಾಸರಿ ದೂರ 3,84,400 ಕಿ.ಮೀ. ಗಂಟು ಬೀಳುವುದು ನಮ್ಮಿಂದ ಸುಮಾರು 3,46,000 ಕಿ.ಮೀ. ಆಚೆ.

ಈಗ ಚಂದ್ರನ ಜಾಗದಲ್ಲಿ ಸೂರ್ಯನನ್ನು ಇಡೋಣ. ಸೂರ್ಯನ ದ್ರವ್ಯರಾಶಿ ಭೂಮಿಯದಕ್ಕಿಂತ ಸುಮಾರು 3,33,000 ಪಟ್ಟು. ವರ್ಗಮೂಲ 577. ಹಗ್ಗ 578 ಗೇಣು ಉದ್ದವಾಯಿತು, ಗಂಟು ಮಾತ್ರ ಭೂಮಿಯಿಂದ ಒಂದೇ ಗೇಣಿನಲ್ಲಿ. ಹದಿನೈದು ಕೋಟಿ ಕಿ.ಮೀ.ಗಳಲ್ಲಿ ಆ ಒಂದು ಗೇಣು ಸುಮಾರು 2,60,000 ಕಿ.ಮೀ. ಚಂದ್ರನಿರುವುದು ಒಂದೂವರೆ ಗೇಣು ದೂರದಲ್ಲಿ, ಗಂಟಿಗಿಂತ ಆಚೆ! ಅಂದರೆ ಚಂದ್ರನನ್ನು ಸೂರ್ಯ ಭೂಮಿಗಿಂತ ಎರಡು ಪಟ್ಟಿಗೂ ಮಿಗಿಲಾಗಿ ಸೆಳೆಯುತ್ತಿದ್ದಾನೆ. ಮೊದಲ ಸಲ ಈ ಲೆಕ್ಕ ಹಾಕಿದಾಗ ಎಲ್ಲೋ ಸೊನ್ನೆ ಬಿಟ್ಟಿರಬೇಕೆಂದು ಹೊಸ ಹಾಳೆ ತೆಗೆದು ಮತ್ತೆ ಬರೆದೆ. ಬಂದದ್ದು ಅದೇ ಉತ್ತರ.

ಹಾಗಾದರೆ ಚಂದ್ರ ನಮ್ಮನ್ನು ಬಿಟ್ಟು ಏಕೆ ಹೋಗಲಿಲ್ಲ? ಸೂರ್ಯ ಅವನೊಬ್ಬನನ್ನೇ ಎಳೆಯುತ್ತಿಲ್ಲ; ಭೂಮಿಯ ದಾರಿಯನ್ನೂ ಹೆಚ್ಚುಕಡಿಮೆ ಅಷ್ಟೇ ಬಾಗಿಸುತ್ತಿದ್ದಾನೆ. ಎರಡೂ ಜೊತೆಜೊತೆಯಾಗಿ ಅವನನ್ನು ಸುತ್ತುತ್ತಿವೆ. ಭೂಮಿಯ ಹಿಡಿತಕ್ಕೆ ಎದುರಾಗುವುದು ಆ ಎರಡು ಎಳೆತಗಳ ನಡುವಿನ ಚೂರು ವ್ಯತ್ಯಾಸವಷ್ಟೇ.

ಸೂರ್ಯನನ್ನು ನೋಡಲು ಹೋದ ನಮ್ಮ ಆದಿತ್ಯ-ಎಲ್1 ನೌಕೆ ಇರುವ ಜಾಗವನ್ನು ಸೂರ್ಯ, ಭೂಮಿಗಳ ಸೆಳೆತ ಸಮವಾಗುವ ತಾಣವೆಂದು ಆಗಾಗ ಬಣ್ಣಿಸುತ್ತಾರೆ. ಇದು ತಿದ್ದಲೇಬೇಕಾದ ಮಾತು. ಆ ಬಿಂದು 15 ಲಕ್ಷ ಕಿ.ಮೀ. ದೂರದಲ್ಲಿದೆ, ನಮ್ಮ ಹಗ್ಗದಲ್ಲಿ ಆರು ಗೇಣಿನ ಹತ್ತಿರ. ಅಲ್ಲಿ ಸೂರ್ಯನ ಸೆಳೆತ ಭೂಮಿಯದಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು. ಸೂರ್ಯನಿಗೆ ಹತ್ತಿರವಾದಷ್ಟೂ ಸುತ್ತು ಬೇಗ ಮುಗಿಯಬೇಕು. ಆದರೆ ಹಿಂದಿನಿಂದ ಭೂಮಿ ಜಗ್ಗುವುದರಿಂದ ಸೂರ್ಯನ ಸೆಳೆತ ಅಷ್ಟರಮಟ್ಟಿಗೆ ತಗ್ಗುತ್ತದೆ. ಹೀಗೆ ತಗ್ಗಿ ಅಲ್ಲಿನ ವಸ್ತುವಿಗೂ ಸರಿಯಾಗಿ ಒಂದು ವರ್ಷವೇ ಹಿಡಿಯುವ ಜಾಗ ಎಲ್1. ಅಲ್ಲಿ ಸರಿದೂಗುವುದು ಎರಡು ಸೆಳೆತಗಳಲ್ಲ, ಸೆಳೆತ ಮತ್ತು ಸುತ್ತಾಟ. ಗಣಿತಜ್ಞರಾದ ಆಯ್ಲರ್ ಮತ್ತು ಲಗ್ರಾಂಜ್ ಇಂಥ ಬಿಂದುಗಳನ್ನು 18ನೆಯ ಶತಮಾನದಲ್ಲೇ ಬರಿಯ ಗಣಿತದಿಂದ ಹುಡುಕಿದ್ದರು.

ಆದಿತ್ಯದ ಮುಖ್ಯ ಉಪಕರಣ, ಸೂರ್ಯನ ಕಿರೀಟವನ್ನು, ಅಂದರೆ ಅವನ ಹೊರ ವಾತಾವರಣವನ್ನು ನೋಡುವ ವಿಇಎಲ್‌ಸಿ, ಸಿದ್ಧವಾದದ್ದು ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ನೌಕೆ 2024ರ ಜನವರಿ 6ರಂದು ತಾಣ ತಲುಪಿತು. ಆದರೆ ಎಲ್1 ಬೆಟ್ಟದ ಏಣಿನಂಥ ಜಾಗ. ತುಸು ಜಾರಿದರೂ ಜಾರಾಟ ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ನೌಕೆ ಬಿಂದುವಿನ ಮೇಲೆ ನಿಲ್ಲದೆ, ಅದರ ಸುತ್ತ 178 ದಿನಗಳ ಪ್ರಭಾವಲಯ (ಹೇಲೋ) ಕಕ್ಷೆಯಲ್ಲಿ ಸಾಗುತ್ತದೆ. ಹಾದಿ ತಪ್ಪದಂತೆ ನಡುನಡುವೆ ಎಂಜಿನ್ ಉರಿಸಿ ಸರಿಪಡಿಸುತ್ತಾರೆ. 2024ರ ಜುಲೈ 2ರಂದು ಅಂಥದೊಂದು ತಿದ್ದುಪಡಿಯ ಬಳಿಕ ಆದಿತ್ಯ ತನ್ನ ಎರಡನೆಯ ಸುತ್ತಿಗೆ ಕಾಲಿಟ್ಟಿತು.