ಆಪರೇಷನ್ನಿನ ಬಣ್ಣ ಮತ್ತು ಮೂತ್ರಕೋಶ

ನಮಸ್ಕಾರ ಕೇಳುಗರೇ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಸಿಸೇರಿಯನ್ನಿಗೆ, ಗರ್ಭಕೋಶದ ಆಪರೇಷನ್ನಿಗೆ ಅಂತ ಶಿವಮೊಗ್ಗಕ್ಕೆ ಬರುವ ಹೆಣ್ಣುಮಕ್ಕಳಿಗೆ, ಅವರ ಮನೆಯವರಿಗೆ ಇವತ್ತಿನ ಮಾತು.

ಗರ್ಭಕೋಶದ ಮುಂದೆಯೇ ಮೂತ್ರಕೋಶ ಇರುತ್ತದೆ. ಮೊದಲೇ ಒಂದೆರಡು ಸಿಸೇರಿಯನ್ ಆಗಿದ್ದರೆ ಎರಡೂ ಒಂದಕ್ಕೊಂದು ಅಂಟಿಕೊಂಡಿರಬಹುದು, ಬಿಡಿಸುವಾಗ ಮೂತ್ರಕೋಶಕ್ಕೆ ತೂತಾಗುವುದುಂಟು. ಅದನ್ನು ಹುಡುಕಲು ಡಾಕ್ಟರು ಕ್ಯಾಥೆಟರ್, ಅಂದರೆ ಮೂತ್ರದ ನಳಿಕೆಯ ಮೂಲಕ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ಸಲೈನ್ ತುಂಬುತ್ತಾರೆ. ನೀಲಿ ಸೋರಿದ ಕಡೆ ಹೊಲಿಗೆ ಹಾಕಿದರಾಯಿತು. ಒಳ್ಳೆಯ ಪರೀಕ್ಷೆಯೇ, ಭಯ ಬೇಡ.

ಭಯ ಇರಬೇಕಾದ್ದು ಇನ್ನೊಂದು ಬಾಟಲಿಯ ಬಗ್ಗೆ. ಮಕ್ಕಳ ಬಾಯಿಹುಣ್ಣಿಗೆ ಹಚ್ಚುತ್ತಿದ್ದ ನೇರಳೆ ಔಷಧಿ ಗೊತ್ತಲ್ವಾ, ಜೆನ್ಷಿಯನ್ ವಯೊಲೆಟ್, ಚರ್ಮದ ಮೇಲೆ ಗುರುತು ಹಾಕಲು ಅದು ಆಪರೇಷನ್ ಥಿಯೇಟರಿನಲ್ಲೂ ಇರುತ್ತದೆ. ಗಾಢವಾಗಿದ್ದಾಗ ಮೆಥಿಲೀನ್ ಬ್ಲೂ, ಇದು ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಈ ನೇರಳೆ ಔಷಧಿ ತಪ್ಪಿ ಮೂತ್ರಕೋಶದೊಳಗೆ ಹೋದರೆ ಒಳಪದರವೇ ಸುಟ್ಟು ಕಿತ್ತುಬರಬಹುದು. ಆಮೇಲೆ ವಿಪರೀತ ಉರಿ, ಹೊಟ್ಟೆಯ ಕೆಳಗೆ ನೋವು, ಐದೈದು ನಿಮಿಷಕ್ಕೂ ಹೋಗಬೇಕು ಅನ್ನಿಸುವುದು, ಮೂತ್ರದಲ್ಲಿ ರಕ್ತ. ಗೊತ್ತಾದ ತಕ್ಷಣ ಸಲೈನಿನಲ್ಲಿ ಚೆನ್ನಾಗಿ ತೊಳೆಯಬೇಕು, ತಡವಾಗಿ ಗಾಯ ಆಳಕ್ಕಿಳಿದರೆ ಮೂತ್ರಕೋಶ ಕುಗ್ಗಿಬಿಡಬಹುದು.

ಥಿಯೇಟರಿನಲ್ಲಿ ಕೆಲಸ ಮಾಡುವ ಸಿಸ್ಟರ್‌ಗಳೇ, ದಯವಿಟ್ಟು ಕೇಳಿ. ಬಣ್ಣ ನೋಡಿ ಕೊಡಬೇಡಿ, ಲೇಬಲ್ ಓದಿ, ಹೆಸರನ್ನು ಗಟ್ಟಿಯಾಗಿ ಹೇಳಿ, ಡಾಕ್ಟರು ಹೌದು ಅಂದ ಮೇಲೆ ಕೊಡಿ. ಬಣ್ಣವನ್ನು ಹೆಸರಿಲ್ಲದ ಬಟ್ಟಲಿಗೆ ಸುರಿದಿಡುವ ಅಭ್ಯಾಸವನ್ನಂತೂ ಬಿಟ್ಟೇಬಿಡಬೇಕು.

ಇನ್ನು ಮನೆಗೆ ಬಂದ ಮೇಲಿನದು. ಮೆಥಿಲೀನ್ ಬ್ಲೂ ಹಾಕಿದ್ದರೆ ಮೂತ್ರ ಒಂದೆರಡು ದಿನ ನೀಲಿ ಅಥವಾ ಹಸಿರಾಗಿ ಬರಬಹುದು, ಅಷ್ಟಕ್ಕೇ ಗಾಬರಿ ಬೇಡ. ಆದರೆ ಉರಿ ದಿನದಿನಕ್ಕೆ ಜಾಸ್ತಿಯಾದರೆ, ರಕ್ತ ಕಂಡರೆ, ಉಷ್ಣ ಆಗಿದೆ ಅಂತ ಸುಮ್ನೆ ಲಾವಂಚದ ನೀರು, ಬಾರ್ಲಿ ಗಂಜಿ ಕುಡಿದುಕೊಂಡು ಕೂರಬೇಡಿ. ನಮ್ಮ ಕಡೆ ಹೆಂಗಸರು ಈ ನೋವನ್ನು ಹೇಳಿಕೊಳ್ಳುವುದೇ ಕಡಿಮೆ, ಅದೇ ನನಗೆ ಸಂಕಟ. ಆಪರೇಷನ್ ಮಾಡಿದವರ ಹತ್ತಿರವೇ ಹೋಗಿ, ಯಾವ ಬಣ್ಣ ಬಳಸಿದಿರಿ ಅಂತ ನೇರವಾಗಿ ಕೇಳಿ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.

ಇನ್ನೊಂದು ವಿಷಯ. ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಆಪರೇಷನ್ನಿಗೆ ಮೊದಲೇ ಹೇಳಿ. ಮೆಥಿಲೀನ್ ಬ್ಲೂ ರಕ್ತನಾಳಕ್ಕೆ ಕೊಟ್ಟಾಗ ಅಂಥ ಕೆಲವು ಮಾತ್ರೆಗಳ ಜೊತೆ ಸೇರಿ ಜೀವಕ್ಕೇ ಅಪಾಯ ತರಬಹುದು.