ಬಟಾಣಿ ಏಡಿಗೆ ಕಾವಲುಗಾರ ಅಂತ ಹೆಸರಿಟ್ಟವರು ಯಾರು?

[ತೆರೆಯ ಮೇಲೆ: ಬಾಯಿ ತೆರೆದ ಪಚ್ಚಿಲೆ ಚಿಪ್ಪು. ಒಳಗೆ ಮೆತ್ತಗೆ ಕೂತ ಪುಟ್ಟ ಏಡಿ.]

ನಮಸ್ಕಾರ. ಪಚ್ಚಿಲೆಯಂಥ ಚಿಪ್ಪುಜೀವಿಗಳ ಒಳಗೆ ಬದುಕೋ ಬಟಾಣಿ ಏಡಿಯ ವೈಜ್ಞಾನಿಕ ಹೆಸರಿನ ಪಕ್ಕ, ಸ್ವೀಡನ್ನಿನ ಜೀವವಿಜ್ಞಾನಿಯ ಹೆಸರು ಹೊತ್ತು "ಲಿನ್ನೇಯಸ್, 1767" ಅಂತ ಇರುತ್ತಲ್ಲ, ಅದಕ್ಕೆ ಆವರಣ ಚಿಹ್ನೆ ಯಾಕೆ ಅಂತ ನಿಮ್ಮಲ್ಲೊಬ್ಬರು ಕೇಳಿದ್ರಿ. ಹೇಳ್ತೀನಿ. ಅದಕ್ಕಿಂತ ಮೊದಲು ಆ ಹೆಸರನ್ನೇ ಒಮ್ಮೆ ನೋಡಿ: ಪಿನ್ನೊಥೆರೆಸ್ ಪೈಸಮ್.

ಪೈಸಮ್ ಅಂದ್ರೆ ಲ್ಯಾಟಿನ್‌ನಲ್ಲಿ ಬಟಾಣಿ. ಹೆಣ್ಣಿನ ಗಾತ್ರವೇ ಒಂದೂವರೆ ಸೆಂಟಿಮೀಟರ್ ಒಳಗೆ, ಹಾಗಾಗಿ ಅದು ಸರಿ. ನನ್ನನ್ನ ಹಿಡಿದು ನಿಲ್ಲಿಸಿದ್ದು ಮೊದಲನೇ ಪದ. ಗ್ರೀಕ್‌ನಲ್ಲಿ ಅದರರ್ಥ, ಪಿನ್ನಾದ ಕಾವಲುಗಾರ! ಪಿನ್ನಾ ಅಂದ್ರೆ ಸಮುದ್ರತಳದಲ್ಲಿ ನೆಟ್ಟಗೆ ನಿಲ್ಲೋ ದೊಡ್ಡ ಚಿಪ್ಪಿನ ಜೀವಿ. ಈ ಕಾವಲುಗಾರ ಇಲ್ಲದಿದ್ರೆ ಪಿನ್ನಾ ಬೇಗ ಸಾಯುತ್ತೆ ಅಂತ ಅರಿಸ್ಟಾಟಲ್ ಬರೆದಿದ್ದಾನೆ. ಪ್ರಾಚೀನ ರೋಮಿನ ಲೇಖಕ ಪ್ಲಿನಿ ಅಂತೂ ಪೂರ್ತಿ ದೃಶ್ಯವನ್ನೇ ಕಟ್ಟಿಕೊಡ್ತಾನೆ. ಕಣ್ಣಿಲ್ಲದ ಪಿನ್ನಾ ಬಾಯಿ ತೆರೆದು ಕೂತಿರುತ್ತೆ. ಸಣ್ಣ ಮೀನುಗಳು ಧೈರ್ಯ ಮಾಡಿ ಒಳಗೆ ನುಗ್ಗುತ್ತವೆ. ಚಿಪ್ಪು ತುಂಬ್ತಾ ಇದ್ದ ಹಾಗೆ ಏಡಿ ಮೆಲ್ಲಗೆ ಚಿವುಟುತ್ತೆ. ಚಿಪ್ಪು ಪಟ್ಟನೆ ಮುಚ್ಚುತ್ತೆ. ಬೇಟೆಯಲ್ಲಿ ಇಬ್ಬರಿಗೂ ಪಾಲು!

ಎಷ್ಟು ಚೆಂದದ ಸ್ನೇಹ ಅಲ್ವಾ? ಆದ್ರೆ ನಿಜ ಬೇರೆ.

[ಹತ್ತಿರದ ದೃಶ್ಯ: ಕಿವಿರಿನ ಮೇಲೆ ಹೆಣ್ಣು ಏಡಿ]

ನೋಡಿ, ಒಳಗಿನ ಅಂಡಾಶಯದ ಬಣ್ಣ ಹೊರಗೇ ಕಾಣುವಷ್ಟು ತೆಳುವಾದ ಕವಚ. ಇದು ಯಾರನ್ನ ಕಾಯೋಕಾಗುತ್ತೆ? ನೀರಿನಿಂದ ಸೋಸಿ ಪಚ್ಚಿಲೆ ಕಿವಿರಿನಲ್ಲಿ ಹಿಡಿದ ಆಹಾರವನ್ನ ಇದು ಎತ್ತಿಕೊಂಡು ತಿನ್ನುತ್ತೆ. ಆ ಗಡಿಬಿಡಿಯಲ್ಲಿ ಕಿವಿರಿಗೂ ಗಾಯ. ಕಾವಲುಗಾರ ಅಲ್ಲ, ಪರಾವಲಂಬಿ. ಆತಿಥ್ಯ ಕೊಟ್ಟ ಪಚ್ಚಿಲೆ ಬಗ್ಗೆ ನನಗೆ ನಿಜಕ್ಕೂ ಪಾಪ ಅನ್ಸುತ್ತೆ.

ಹಾಗಾದ್ರೆ ಹೆಸರು ಬದಲಿಸಬಾರದಾ? ಆಗಲ್ಲ. ಅರ್ಥ ಹೊಂದಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಹೆಸರನ್ನ ತಳ್ಳಿಹಾಕೋಕೆ ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ನಿಯಮ ಒಪ್ಪಲ್ಲ. ಒಪ್ಪದೇ ಇರೋದೇ ಒಳ್ಳೇದು ಅಂತೀನಿ ನಾನು. ಹೊಸ ಸಂಗತಿ ತಿಳಿದಾಗಲೆಲ್ಲ ಹೆಸರು ಬದಲಾದ್ರೆ ಹಳೇ ಬರಹಗಳಲ್ಲಿ ಈ ಏಡಿಯನ್ನ ಹುಡುಕೋದು ಹೇಗೆ?

ಸಮಯ ಮುಗೀತಾ ಬಂತು, ಆವರಣದ ಮಾತಿಗೆ ಬರ್ತೀನಿ. 1767ರಲ್ಲಿ ಲಿನ್ನೇಯಸ್ ಇಟ್ಟ ಹೆಸರು ಕ್ಯಾನ್ಸರ್ ಪೈಸಮ್. ಇಂಥ ಹೆಸರಲ್ಲಿ ಮೊದಲ ಪದ ಕುಲದ್ದು, ಅಂದ್ರೆ ಹತ್ತಿರದ ಪ್ರಭೇದಗಳ ಗುಂಪಿನದು; ಎರಡನೆಯದು ಪ್ರಭೇದದ್ದು. ಆಗ ಏಡಿಗಳಿಗೆಲ್ಲ ಕ್ಯಾನ್ಸರ್ ಅನ್ನೋದೇ ಕುಲ. ಆಮೇಲೆ ಫ್ರಾನ್ಸಿನ ಬಾಸ್ಕ್ ಅನ್ನೋ ವಿಜ್ಞಾನಿ ಪಿನ್ನೊಥೆರೆಸ್ ಅನ್ನೋ ಕುಲ ಮಾಡಿದ್ರು, ಏಡಿ ಅಲ್ಲಿಗೆ ಹೋಯ್ತು. ಪ್ರಭೇದವನ್ನ ಮೊದಲು ಹೆಸರಿಸಿದವರ ಹೆಸರು ಜೊತೆಗೇ ಹೋಗುತ್ತೆ, ಆದ್ರೆ ಕುಲ ಬದಲಾಗಿದೆ ಅಂತ ತಿಳಿಸೋಕೆ ಆವರಣದೊಳಗೆ.

[ತೆರೆಯ ಮೇಲೆ: ಆವರಣದೊಳಗೆ "ಲಿನ್ನೇಯಸ್, 1767"]